ಗಾರ್ಡನ್ ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಪಡೆಯುವುದು ಹೇಗೆ? ಕೊಡಗಿನ ಕೆಲಸಗಾರರಿಗೆ ಸಮಗ್ರ ಮಾರ್ಗದರ್ಶಿ

ಪರಿಹಾರದ ಕೇಸಿನ ಅರ್ಧ ಹಣೆಬರಹ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೇ ಬರೆದಾಗಿರುತ್ತದೆ. ಡಾಕ್ಟರು "ಏನಾಯ್ತು?" ಅಂತ ಕೇಳುತ್ತಾರೆ. ಪಕ್ಕದಲ್ಲಿ ನಿಂತ ಮೇಸ್ತ್ರಿಯೋ ಮ್ಯಾನೇಜರೋ "ಮನೇಲಿ ಜಾರಿ ಬಿದ್ರು ಸಾರ್" ಅಂದುಬಿಡುತ್ತಾರೆ. ನೋವಿನಲ್ಲಿರುವವನು ಸುಮ್ಮನಿರುತ್ತಾನೆ. ಅದೇ ಚೀಟಿಯಲ್ಲಿ ದಾಖಲಾಗುತ್ತದೆ. ಆರು ತಿಂಗಳ ನಂತರ ವಕೀಲರ ಹತ್ತಿರ ಹೋದಾಗ ಅವರು ಮೊದಲು ತೆಗೆದು ನೋಡುವುದು ಅದೇ ಚೀಟಿಯನ್ನು, ಎದುರು ಪಾರ್ಟಿಯ ವಕೀಲರು ಹಿಡಿದುಕೊಳ್ಳುವುದೂ ಅದನ್ನೇ.

ಆದ್ದರಿಂದ ಈ ಬರಹದಲ್ಲಿ ಕಾನೂನಿಗಿಂತ ಕಾಗದದ ಮಾತು ಜಾಸ್ತಿ. ರೆಸಾರ್ಟಿನ ಲಾನ್ ನೋಡಿಕೊಳ್ಳುವವರು, ಹೋಂಸ್ಟೇ ಗಾರ್ಡನ್ ಮಾಡುವವರು, ಬ್ರಷ್ ಕಟರ್ ಹಿಡಿದು ಹುಲ್ಲು ಹೊಡೆಯುವವರು, ಮರಗಸಿಗೆ (ನೆರಳು ಮರದ ಕೊಂಬೆ ಸವರಲು) ಹತ್ತುವವರು, ಬರೆ (ಇಳಿಜಾರಿನ ಮಣ್ಣಿನ ಗೋಡೆ) ಕಡಿದು ಕಲ್ಲು ಕಟ್ಟುವವರು, ಕಳೆನಾಶಕ ಹೊಡೆಯುವವರು, ಎಲ್ಲರಿಗೂ ಇದು ಅನ್ವಯಿಸುತ್ತದೆ. ಕೊಡಗಿನಲ್ಲಿ ಇವೆಲ್ಲ ಬೇರೆ ಬೇರೆ ಕೆಲಸಗಳೇ ಅಲ್ಲ. ಬೆಳಿಗ್ಗೆ ಹೆಡ್ಜ್ ಕತ್ತರಿಸಿದವನೇ ಮಧ್ಯಾಹ್ನ ಸಿಲ್ವರ್ ಓಕ್ ಹತ್ತಿರುತ್ತಾನೆ.

ನಿಮಗೆ ಹಕ್ಕು ಇದೆಯಾ?

"ನಾನು ದಿನಗೂಲಿ, ನನಗೆಲ್ಲಿ ಪರಿಹಾರ?" ಅನ್ನುವವರೇ ಹೆಚ್ಚು. ದಿನಗೂಲಿಗೂ ಹಕ್ಕಿದೆ. ನೇಮಕಾತಿ ಪತ್ರ ಬೇಕಿಲ್ಲ, ಖಾಯಂ ಆಗಿರಬೇಕಿಲ್ಲ.

ಹಿಂದೆ ಇದನ್ನು 1923ರ ನೌಕರರ ಪರಿಹಾರ ಕಾಯ್ದೆ ನೋಡಿಕೊಳ್ಳುತ್ತಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಈಗ ಇದೇ ವಿಷಯ ಸಾಮಾಜಿಕ ಭದ್ರತಾ ಸಂಹಿತೆ 2020ರ ಏಳನೇ ಅಧ್ಯಾಯದಲ್ಲಿದೆ. ಆ ದಿನಕ್ಕಿಂತ ಮೊದಲು ಪೆಟ್ಟಾಗಿದ್ದರೆ ಹಳೆಯ ಕಾಯ್ದೆಯ ಲೆಕ್ಕ. ಲೆಕ್ಕದ ಸೂತ್ರ, ಎರಡು ವರ್ಷದ ಗಡುವು ಎಲ್ಲ ಹೆಚ್ಚುಕಡಿಮೆ ಹಾಗೆಯೇ ಮುಂದುವರಿದಿವೆ, ಹಾಗಾಗಿ ಹೆಸರು ಬದಲಾಯಿತೆಂದು ಗಾಬರಿ ಬೇಡ.

ಯಾವ ಯಾವ ಕೆಲಸ ಇದರೊಳಗೆ ಬರುತ್ತದೆ ಎಂಬ ಪಟ್ಟಿಯೊಂದಿದೆ. ಅದರಲ್ಲಿ ತೋಟಗಾರಿಕೆ ಕೆಲಸ, ಮರ ಕಡಿಯುವುದು, ಕಾಫಿ ಮತ್ತು ಏಲಕ್ಕಿ ತೋಟದ ಕೆಲಸ, ಕೀಟನಾಶಕ ಸಿಂಪಡಣೆ ಎಲ್ಲವೂ ಇವೆ. ನಮ್ಮ ಜಿಲ್ಲೆಯ ಹೆಚ್ಚಿನ ಕೆಲಸಗಾರರು ಇದರಲ್ಲೇ ಬಂದುಬಿಡುತ್ತಾರೆ.

ಮಾಲೀಕರು ಹೇಳುವ ಇನ್ನೊಂದು ಮಾತು: "ತಪ್ಪು ಅವನದ್ದೇ, ನೋಡ್ಕೊಂಡು ಹತ್ತಬೇಕಿತ್ತು." ಈ ಕಾನೂನಿನಲ್ಲಿ ತಪ್ಪು ಯಾರದ್ದು ಎಂಬ ಪ್ರಶ್ನೆಯೇ ಬರುವುದಿಲ್ಲ. ಕೆಲಸದಿಂದಾಗಿ, ಕೆಲಸದ ಸಮಯದಲ್ಲಿ ಅಪಘಾತ ಆಯಿತಾ? ಆಗಿದ್ದರೆ ಮಾಲೀಕರು ಕೊಡಬೇಕು. ಅಜಾಗರೂಕತೆ ಇದ್ದರೂ ಕೊಡಬೇಕು.

ಕೊಡದೇ ಇರಲು ಅವರಿಗಿರುವ ಕಾರಣಗಳು ಕೆಲವೇ. ಕುಡಿದಿದ್ದಾಗ ಅಥವಾ ಮಾದಕವಸ್ತು ಸೇವಿಸಿದ್ದಾಗ ಆದ ಪೆಟ್ಟು, ಸುರಕ್ಷತೆಯ ಸೂಚನೆಯನ್ನು ಬೇಕೆಂದೇ ಮೀರಿದ್ದು, ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದು ಹಾಕಿದ್ದು. ಕೆಲಸಗಾರ ಸತ್ತರೆ ಅಥವಾ ಪೂರ್ತಿ ಶಾಶ್ವತವಾಗಿ ಅಂಗವಿಕಲನಾದರೆ ಈ ಮೂರು ಕಾರಣಗಳೂ ನಡೆಯುವುದಿಲ್ಲ. "ಕುಡಿದಿದ್ದ, ಬಿದ್ದು ಸತ್ತ, ಏನೂ ಸಿಗಲ್ಲ" ಅಂತ ವಿಧವೆಯನ್ನು ವಾಪಸ್ ಕಳಿಸುವುದು ಶುದ್ಧ ಸುಳ್ಳು.

ಪೆಟ್ಟಾಗಿ ಮೂರು ದಿನದೊಳಗೆ ಕೆಲಸಕ್ಕೆ ಹೋಗುವಂತಾದರೆ ಪರಿಹಾರ ಇಲ್ಲ, ಅದೂ ಗೊತ್ತಿರಲಿ.

ಮಾಲೀಕ ಯಾರು ಎಂಬ ಗೋಜಲು

ಕೊಡಗಿನಲ್ಲಿ ನಿಜವಾದ ತಲೆನೋವು ಇದು. ರೆಸಾರ್ಟಿನವರು ಗಾರ್ಡನ್ ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿರುತ್ತಾರೆ, ಅವನು ಮೇಸ್ತ್ರಿಗೆ ಕೊಟ್ಟಿರುತ್ತಾನೆ, ಮೇಸ್ತ್ರಿ ಬೆಳಿಗ್ಗೆ ಜೀಪಿನಲ್ಲಿ ಹತ್ತಿಪ್ಪತ್ತು ಜನರನ್ನು ತಂದು ಇಳಿಸುತ್ತಾನೆ. ಪೆಟ್ಟಾದ ಮೇಲೆ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ರೆಸಾರ್ಟಿನವರು ತಮ್ಮ ವ್ಯಾಪಾರಕ್ಕಾಗಿ ಮಾಡಿಸುತ್ತಿದ್ದ ಕೆಲಸವಾಗಿದ್ದರೆ, ಕೆಲಸಗಾರನನ್ನು ಗುತ್ತಿಗೆದಾರ ಕರೆತಂದಿದ್ದರೂ ಮೂಲ ಮಾಲೀಕರೇ ಹೊಣೆ. ಅವರು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಅದು ಅವರಿಬ್ಬರ ವ್ಯವಹಾರ, ನಿಮಗೆ ಸಂಬಂಧ ಇಲ್ಲ. ಅರ್ಜಿ ಹಾಕುವಾಗ ಮೂವರನ್ನೂ ಎದುರುದಾರರನ್ನಾಗಿ ಮಾಡಿ, ಅವರಿಗೆ ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಸೇರಿಸಿ.

ಸ್ವಂತ ಮನೆಯ ಗಾರ್ಡನ್ ಆದರೆ ಸ್ವಲ್ಪ ಬೇರೆ. ಮನೆಯವರು ಗುತ್ತಿಗೆದಾರನಿಗೆ ಕೆಲಸ ಕೊಟ್ಟಿದ್ದರೆ, ಅದು ಅವರ ವ್ಯಾಪಾರ ಅಲ್ಲವಾದ್ದರಿಂದ, ಹೊಣೆ ಗುತ್ತಿಗೆದಾರನ ಮೇಲೆಯೇ ನಿಲ್ಲುತ್ತದೆ. ಮನೆಯವರೇ ನೇರವಾಗಿ ಕೂಲಿ ಕೊಟ್ಟು ಕರೆದಿದ್ದರೆ ಅವರೇ ಮಾಲೀಕರು.

ಇಲ್ಲೊಂದು ಮಾತು ಮರಗಸಿಯವರಿಗೆ. ನೀವೇ "ಇಷ್ಟು ಮರಕ್ಕೆ ಇಷ್ಟು" ಅಂತ ಗುತ್ತಿಗೆ ಹಿಡಿದು ಜೊತೆಗೆ ಇಬ್ಬರನ್ನು ಕರೆದುಕೊಂಡು ಹೋದರೆ, ಆ ಇಬ್ಬರ ಪಾಲಿಗೆ ನೀವೇ ಮಾಲೀಕರಾಗಬಹುದು, ನಿಮ್ಮ ಪಾಲಿಗೆ ಯಾರೂ ಇರದೇ ಹೋಗಬಹುದು. ಇದು ಯೋಚನೆ ಮಾಡಬೇಕಾದ ವಿಷಯ. ಅಂಥವರು ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನಾದರೂ ಮಾಡಿಸಿಕೊಳ್ಳಿ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಮೇಲಿನ ಪರಿಹಾರಕ್ಕೆ ಇದು ಸಾಟಿಯಲ್ಲ, ಏನೂ ಇಲ್ಲದಿರುವುದಕ್ಕಿಂತ ವಾಸಿ ಅಷ್ಟೇ.

ಹೆಜ್ಜೆ 1: ಪೆಟ್ಟಾದ ದಿನ

ಮೊದಲು ಜೀವ. 108ಕ್ಕೆ ಫೋನ್ ಮಾಡಿ, ನೆಟ್‌ವರ್ಕ್ ಸಿಗದ ಜಾಗವಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ, ವಿರಾಜಪೇಟೆ ಮತ್ತು ಸೋಮವಾರಪೇಟೆಯ ತಾಲೂಕು ಆಸ್ಪತ್ರೆಗಳು, ಗೋಣಿಕೊಪ್ಪ, ಕುಶಾಲನಗರದ ಸರ್ಕಾರಿ ಆಸ್ಪತ್ರೆಗಳು, ಯಾವುದು ಹತ್ತಿರವೋ ಅಲ್ಲಿಗೆ. ಹಾವು ಕಚ್ಚಿದ್ದರೆ ನಾಟಿ ಮದ್ದಿಗೆ ಹೋಗಿ ಹೊತ್ತು ಕಳೆಯಬೇಡಿ, ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಬೇಕು. ಕಳೆನಾಶಕ ಬಾಯಿಗೋ ಕಣ್ಣಿಗೋ ಹೋಗಿದ್ದರೆ ಡಬ್ಬಿಯನ್ನೇ ಜೊತೆಗೆ ತೆಗೆದುಕೊಂಡು ಹೋಗಿ. ಪ್ಯಾರಾಕ್ವಾಟಾ, ಗ್ಲೈಫೋಸೇಟಾ ಎಂಬುದು ಡಾಕ್ಟರಿಗೆ ಗೊತ್ತಾಗಬೇಕು, ಚಿಕಿತ್ಸೆ ಒಂದೇ ಅಲ್ಲ. ಮೇಲಾಗಿ ಆ ಡಬ್ಬಿ ನಿಮ್ಮ ಸಾಕ್ಷಿ ಕೂಡ.

ಡಾಕ್ಟರು ಕೇಳಿದಾಗ ನಿಜ ಹೇಳಿ, ಪೂರ್ತಿ ಹೇಳಿ. "ಇಂಥ ರೆಸಾರ್ಟಿನಲ್ಲಿ, ಇಂಥ ಹೊತ್ತಿಗೆ, ಬ್ರಷ್ ಕಟರ್‌ನಿಂದ ಕಲ್ಲು ಹಾರಿ ಕಣ್ಣಿಗೆ ಬಿತ್ತು." ಎಂಎಲ್‌ಸಿ ಮಾಡಿಸಿ ಅಂತ ಬಾಯಿಬಿಟ್ಟು ಕೇಳಿ. ಎಂಎಲ್‌ಸಿ ಅಂದರೆ ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಹೋಗುವ ಮಾಹಿತಿ. ಅದಾದರೆ ಪೊಲೀಸ್ ದಾಖಲೆ ತಾನಾಗಿ ಹುಟ್ಟುತ್ತದೆ. ಮಾಲೀಕರ ಕಡೆಯವರು "ಎಂಎಲ್‌ಸಿ ಬೇಡ, ಸುಮ್ನೆ ಪೊಲೀಸ್ ರಗಳೆ, ಖರ್ಚೆಲ್ಲ ನಾವು ನೋಡ್ಕೊಳ್ತೀವಿ" ಅಂದೇ ಅನ್ನುತ್ತಾರೆ. ಕೆಲವರು ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ಮೊದಲ ಬಿಲ್ ಕಟ್ಟುವಾಗ ಆ ಮನಸ್ಸು ಇರುತ್ತದೆ, ಎರಡನೇ ಆಪರೇಷನ್ ಬಂದಾಗ ಇರುತ್ತದಾ? ಖರ್ಚು ನೋಡಿಕೊಳ್ಳಲಿ, ಎಂಎಲ್‌ಸಿಯೂ ಆಗಲಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಜೊತೆಗಿರುವವರು ಅದೇ ದಿನ ಮಾಡಬೇಕಾದ್ದು ಫೋಟೋ. ಏಣಿ ನಿಂತ ಜಾಗ, ಮೇಲೆ ಹೋದ ಕರೆಂಟ್ ತಂತಿ, ಜರಿದ ಬರೆ, ಮುರಿದ ಕೊಂಬೆ. ಮರುದಿನ ಬೆಳಿಗ್ಗೆ ಆ ಜಾಗ ಗುಡಿಸಿ ಚೊಕ್ಕ ಆಗಿರುತ್ತದೆ.

ಮಷಿನ್ ಫೋಟೋ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬ್ರಷ್ ಕಟರಿನ ಬ್ಲೇಡ್ ಹತ್ತಿರ ಒಂದು ಪ್ಲಾಸ್ಟಿಕ್ ಗಾರ್ಡ್ ಇರುತ್ತದೆ. ಮಳೆಗಾಲದ ಉದ್ದ ಹುಲ್ಲಿನಲ್ಲಿ ಅದಕ್ಕೆ ಹುಲ್ಲು ಸಿಕ್ಕಿಕೊಳ್ಳುತ್ತದೆ ಅಂತ ಎಷ್ಟೋ ಕಡೆ ಅದನ್ನು ಬಿಚ್ಚಿ ಶೆಡ್ಡಿನ ಮೂಲೆಗೆ ಎಸೆದಿರುತ್ತಾರೆ. ಆಮೇಲೆ ಕಲ್ಲು ಹಾರಿ ಕಣ್ಣು ಹೋದಾಗ "ಗಾರ್ಡ್ ಅವನೇ ತೆಗೆದ" ಎಂಬ ವಾದ ಬರುತ್ತದೆ, ಮೇಲೆ ಹೇಳಿದ ಮೂರು ಕಾರಣಗಳಲ್ಲಿ ಅದೂ ಒಂದು ತಾನೇ. ಅದನ್ನು ಸಾಬೀತು ಮಾಡುವ ಭಾರ ಮಾಲೀಕರದ್ದು. ಆದರೂ ಗಾರ್ಡ್ ಇಲ್ಲದ ಮಷಿನ್ನೇ ಕೊಟ್ಟಿದ್ದರು, ಕನ್ನಡಕ ಕೊಟ್ಟಿರಲಿಲ್ಲ ಎಂಬುದಕ್ಕೆ ಹಳೆಯ ಫೋಟೋ ಇದ್ದರೆ ಬಂಗಾರ. ಕೆಲಸದ ಮಧ್ಯೆ ತೆಗೆದ ಸೆಲ್ಫಿ ಕೂಡ ಆಗುತ್ತದೆ. ಸಂಜೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ ವಿಡಿಯೋದಲ್ಲಿ ತಾರೀಕು, ಜಾಗ, ಮಷಿನ್ ಮೂರೂ ಇರುತ್ತವೆ.

ಮೆಣಸಿನ ಅಥವಾ ಮರಗಸಿಯ ಅಲ್ಯುಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಆಗುವ ಅಪಘಾತ ನಮ್ಮಲ್ಲಿ ಹೊಸದೇನಲ್ಲ. ಅಂಥದ್ದಾದರೆ ಪೊಲೀಸರ ಜೊತೆ ಸೆಸ್ಕ್ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಗೂ ಲಿಖಿತವಾಗಿ ತಿಳಿಸಿ. ತಂತಿ ಎಷ್ಟು ಕೆಳಗೆ ಜೋತಿತ್ತು ಎಂಬುದೂ ದಾಖಲಾಗಬೇಕು.

ಸಾವಾಗಿದ್ದರೆ ಮರಣೋತ್ತರ ಪರೀಕ್ಷೆ ಬೇಡ ಅನ್ನಬೇಡಿ. ಮನೆಯವರ ಸಂಕಟ ಅರ್ಥವಾಗುತ್ತದೆ, ಆದರೆ ಆ ವರದಿ ಇಲ್ಲದೆ ಹಾವು ಕಚ್ಚಿದ್ದೋ ಹೃದಯಾಘಾತವೋ ಎಂಬ ಜಗಳವೇ ವರ್ಷಗಟ್ಟಲೆ ನಡೆಯುತ್ತದೆ.

ಹೆಜ್ಜೆ 2: ಬರೆದು ಕೊಡಿ

ಬಾಯಿಮಾತಿನಲ್ಲಿ ಹೇಳಿದ್ದು ಸಾಲದು. ಆದಷ್ಟು ಬೇಗ ಮಾಲೀಕರಿಗೆ ಲಿಖಿತ ನೋಟಿಸ್ ಕೊಡಿ. ವಕೀಲರೇ ಬರೆಯಬೇಕೆಂದಿಲ್ಲ. ಬಿಳಿ ಹಾಳೆಯಲ್ಲಿ ಹೀಗೆ ಬರೆದರೆ ಸಾಕು:

"ನಾನು (ಹೆಸರು, ವಿಳಾಸ) ನಿಮ್ಮ (ಜಾಗದ ಹೆಸರು)ನಲ್ಲಿ ಗಾರ್ಡನ್ ಕೆಲಸಗಾರನಾಗಿದ್ದೇನೆ. ನನ್ನ ದಿನಗೂಲಿ ರೂ. (ಮೊತ್ತ). ದಿನಾಂಕ (ತಾರೀಕು) ರಂದು ಬೆಳಿಗ್ಗೆ ಸುಮಾರು (ಹೊತ್ತು) ಗಂಟೆಗೆ, (ಯಾವ ಕೆಲಸ) ಮಾಡುವಾಗ (ಏನಾಯಿತು). ನನಗೆ (ಎಲ್ಲಿ, ಎಂಥ ಪೆಟ್ಟು) ಆಗಿದೆ. (ಆಸ್ಪತ್ರೆಯ ಹೆಸರು)ಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದೇನೆ. ಕಾನೂನಿನ ಪ್ರಕಾರ ಚಿಕಿತ್ಸೆಯ ಖರ್ಚು ಮತ್ತು ಪರಿಹಾರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ."

ಸಹಿ ಅಥವಾ ಹೆಬ್ಬೆಟ್ಟು, ತಾರೀಕು. ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯಲ್ಲಿ ಸ್ವೀಕೃತಿ ಪಡೆಯಿರಿ. ತೋಟದ ರೈಟರು ಸಹಿ ಹಾಕಲು ಹಿಂಜರಿದರೆ ಜಗಳ ಬೇಡ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಜೊತೆಗೆ ಅದರ ಫೋಟೋವನ್ನು ಮ್ಯಾನೇಜರ್ ವಾಟ್ಸಾಪ್‌ಗೂ ಕಳಿಸಿ. ನೀಲಿ ಟಿಕ್ ಬಿದ್ದರೆ ಸ್ಕ್ರೀನ್‌ಶಾಟ್.

ನೋಟಿಸ್ ಕೊಡಲು ತಡವಾಯಿತು ಅಂತ ಕೈಚೆಲ್ಲಬೇಡಿ. ಮಾಲೀಕರಿಗೆ ಬೇರೆ ಯಾವುದೇ ದಾರಿಯಿಂದ ಅಪಘಾತ ಗೊತ್ತಾಗಿದ್ದರೆ ನೋಟಿಸಿನ ಕೊರತೆಯಿಂದ ಕೇಸ್ ಬೀಳುವುದಿಲ್ಲ.

ನೋಟಿಸ್ ತಲುಪಿದ ಮೂರು ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ಡಾಕ್ಟರ ತಪಾಸಣೆ ಮಾಡಿಸುತ್ತೇವೆ ಅಂದರೆ ಹೋಗಿ. ಹೋಗಲ್ಲ ಅಂದರೆ ನಿಮ್ಮ ಹಕ್ಕಿಗೆ ತಡೆ ಬೀಳುತ್ತದೆ. ಅಲ್ಲಿ ಕೊಟ್ಟ ಕಾಗದಕ್ಕೆ ಓದದೆ ಸಹಿ ಮಾತ್ರ ಹಾಕಬೇಡಿ.

ಹೆಜ್ಜೆ 3: ಕೂಲಿ ಎಷ್ಟಿತ್ತು ಎಂಬ ಪುರಾವೆ

ಪರಿಹಾರದ ಲೆಕ್ಕ ಪೂರ್ತಿ ನಿಂತಿರುವುದು ತಿಂಗಳ ಕೂಲಿಯ ಮೇಲೆ. ಅಲ್ಲಿಗೇ ಕತ್ತರಿ ಬೀಳುವುದು. ದಿನಕ್ಕೆ 600 ಕೊಡುತ್ತಿದ್ದವರು ಕೋರ್ಟಿನಲ್ಲಿ 300 ಅನ್ನುತ್ತಾರೆ, "ವಾರಕ್ಕೆ ಎರಡು ದಿನ ಬರ್ತಿದ್ದ" ಅನ್ನುತ್ತಾರೆ.

ಫೋನ್‌ಪೇ, ಗೂಗಲ್‌ಪೇಯಲ್ಲಿ ಬಂದ ಹಣದ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಹಾಜರಿ ಪುಸ್ತಕದ ಫೋಟೋ, "ನಾಳೆ ಬೇಗ ಬಾ" ಅಂತ ಮೇಸ್ತ್ರಿ ಕಳಿಸಿದ ವಾಯ್ಸ್ ಮೆಸೇಜ್, ಗೇಟಿನ ರಿಜಿಸ್ಟರ್, ಜೊತೆಗಾರರ ಹೇಳಿಕೆ. ಇದರಲ್ಲಿ ಏನಿದೆಯೋ ಒಟ್ಟುಮಾಡಿ. ಕೂಲಿ ಕೈಯಲ್ಲೇ ಸಿಗುತ್ತಿದ್ದರೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾ ಬರೆದುಕೊಳ್ಳುವ ಅಭ್ಯಾಸ ಇಂದೇ ಶುರು ಮಾಡಿ. ಪೆಟ್ಟಾದ ಮೇಲೆ ಒಂದೇ ಪೆನ್ನಿನಲ್ಲಿ ಬರೆದ ಪುಸ್ತಕವನ್ನು ಯಾರೂ ನಂಬುವುದಿಲ್ಲ.

ಒಂದು ವರ್ಷ ಅದೇ ಮಾಲೀಕರ ಬಳಿ ಇದ್ದರೆ ವರ್ಷದ ಒಟ್ಟು ಕೂಲಿಯನ್ನು 12ರಿಂದ ಭಾಗಿಸುತ್ತಾರೆ. ಸೇರಿ ತಿಂಗಳೂ ಆಗಿಲ್ಲದಿದ್ದರೆ ಅದೇ ಜಾಗದಲ್ಲಿ ಅದೇ ಕೆಲಸ ಮಾಡುವ ಇನ್ನೊಬ್ಬನ ಕೂಲಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ.

ಎಷ್ಟು ಸಿಗುತ್ತದೆ?

ತಿಂಗಳ ಕೂಲಿಗೆ ಒಂದು ಮಿತಿ ಇದೆ. 2020ರ ಜನವರಿ 3ರ ಅಧಿಸೂಚನೆಯ ಪ್ರಕಾರ ಅದು 15,000 ರೂಪಾಯಿ, ಅದಕ್ಕಿಂತ ಜಾಸ್ತಿ ದುಡಿಯುತ್ತಿದ್ದರೂ ಲೆಕ್ಕಕ್ಕೆ ಹಿಡಿಯುವುದು ಅಷ್ಟನ್ನೇ. ಕೇಂದ್ರ ಸರ್ಕಾರ ಈ ಮಿತಿಯನ್ನು ಆಗಾಗ ಬದಲಿಸಬಹುದು, ಆದ್ದರಿಂದ ಅರ್ಜಿ ಹಾಕುವ ದಿನ ಕಾರ್ಮಿಕ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಸಾವಾದರೆ ಕೂಲಿಯ ಶೇ. 50, ಶಾಶ್ವತವಾಗಿ ಪೂರ್ತಿ ದುಡಿಯಲಾಗದಿದ್ದರೆ ಶೇ. 60. ಅದನ್ನು ವಯಸ್ಸಿಗೆ ತಕ್ಕ ಒಂದು ಅಂಶದಿಂದ ಗುಣಿಸಬೇಕು. ಈ ಅಂಶ 25 ವರ್ಷಕ್ಕೆ 216.91, 30ಕ್ಕೆ 207.98, 35ಕ್ಕೆ 197.06, 40ಕ್ಕೆ 184.17, 50ಕ್ಕೆ 153.09. ವಯಸ್ಸು ಕಡಿಮೆಯಿದ್ದಷ್ಟೂ ಮೊತ್ತ ಜಾಸ್ತಿ. ಅದಕ್ಕೇ ವಯಸ್ಸಿನ ದಾಖಲೆ ಸರಿಯಾಗಿರಬೇಕು. ಆಧಾರ್‌ನಲ್ಲಿ ಅಂದಾಜಿಗೆ ಜನವರಿ 1 ಅಂತ ಹಾಕಿಸಿಕೊಂಡವರು ಶಾಲೆಯ ದಾಖಲೆ ಇದ್ದರೆ ಹುಡುಕಿಡಿ.

35 ವರ್ಷದ ಕೆಲಸಗಾರ, ತಿಂಗಳಿಗೆ 15,000 ಕೂಲಿ, ಮರದಿಂದ ಬಿದ್ದು ಸತ್ತ ಅಂದುಕೊಳ್ಳಿ. 7,500 ಗುಣಿಸು 197.06, ಅಂದರೆ 14,77,950 ರೂಪಾಯಿ. "ಮಾನವೀಯತೆಯಿಂದ ಒಂದು ಲಕ್ಷ ಕೊಡ್ತೀವಿ" ಅಂತ ಬಂದವರ ಮುಂದೆ ಈ ಲೆಕ್ಕ ಇಡಿ.

ಒಂದು ಅಂಗಕ್ಕೆ ಪೆಟ್ಟಾದರೆ ಪಟ್ಟಿಯಲ್ಲಿ ಶೇಕಡಾವಾರು ಕೊಟ್ಟಿದ್ದಾರೆ. ತೋರುಬೆರಳು ಪೂರ್ತಿ ಹೋದರೆ ಶೇ. 14, ಹೆಬ್ಬೆರಳು ಹೋದರೆ ಶೇ. 30, ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣಿನ ದೃಷ್ಟಿ ಹೋದರೆ ಶೇ. 30. 40 ವರ್ಷದವನು, 15,000 ಕೂಲಿ, ಕಲ್ಲು ಸಿಡಿದು ಒಂದು ಕಣ್ಣಿನ ದೃಷ್ಟಿ ಹೋಯಿತು: 9,000 ಗುಣಿಸು 184.17, ಅಂದರೆ 16,57,530. ಅದರ ಶೇ. 30 ಅಂದರೆ 4,97,259 ರೂಪಾಯಿ. ಹೆಡ್ಜ್ ಟ್ರಿಮ್ಮರಿಗೆ ತೋರುಬೆರಳು ಕೊಟ್ಟ 30 ವರ್ಷದವನ ಸರಾಸರಿ ಕೂಲಿ 12,000 ಆದರೆ 2,09,644 ರೂಪಾಯಿ ಆಸುಪಾಸು.

ಸೊಂಟ, ಬೆನ್ನುಮೂಳೆ, ಮೊಣಕಾಲಿನ ಮೂಳೆ ಮುರಿತದಂಥವು ಆ ಪಟ್ಟಿಯಲ್ಲಿಲ್ಲ. ಅಲ್ಲಿ ದುಡಿಯುವ ಶಕ್ತಿ ಎಷ್ಟು ಕಡಿಮೆಯಾಗಿದೆ ಎಂದು ಡಾಕ್ಟರು ಅಂದಾಜು ಮಾಡಬೇಕು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಡಾಕ್ಟರು "ಕಾಲಿನ ಅಂಗವಿಕಲತೆ ಶೇ. 20" ಅಂತ ಬರೆದುಕೊಟ್ಟರೆ ಅದು ಕಾಲಿನ ಲೆಕ್ಕ. ಮೊಣಕಾಲು ಮಡಚಲಾಗದವನು ಮರ ಹತ್ತಬಲ್ಲನಾ? 1975ರಲ್ಲಿ ಸುಪ್ರೀಂ ಕೋರ್ಟ್ ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಎಡಗೈ ಕಳೆದುಕೊಂಡ ಬಡಗಿ ಇನ್ನು ಬಡಗಿ ಕೆಲಸ ಮಾಡಲಾರ, ಹಾಗಾಗಿ ಅವನ ನಷ್ಟ ಶೇ. 100. ನಿಮ್ಮ ವಕೀಲರಿಗೆ ಈ ತೀರ್ಪು ಗೊತ್ತಿರುತ್ತದೆ, ಗೊತ್ತಿಲ್ಲ ಅಂದರೆ ವಕೀಲರನ್ನು ಬದಲಿಸಿ ಅಂತ ಹೇಳಬೇಕಾಗುತ್ತದೆ. ಸರ್ಟಿಫಿಕೇಟ್ ಪಡೆಯುವಾಗಲೇ ಡಾಕ್ಟರಿಗೆ ನಿಮ್ಮ ಕೆಲಸ ಏನು ಎಂದು ವಿವರಿಸಿ, ಹತ್ತುವುದು, ಭಾರ ಹೊರುವುದು, ಇಳಿಜಾರಿನಲ್ಲಿ ನಿಲ್ಲುವುದು ಎಲ್ಲ ಬರೆಸಿ.

ತಾತ್ಕಾಲಿಕವಾಗಿ ಮಲಗಿದ್ದರೆ ಪ್ರತಿ ಅರ್ಧ ತಿಂಗಳಿಗೆ ಕೂಲಿಯ ಶೇ. 25 ಸಿಗಬೇಕು. 15,000 ಇದ್ದರೆ 15 ದಿನಕ್ಕೊಮ್ಮೆ 3,750. ಮೊದಲ ಮೂರು ದಿನ ಲೆಕ್ಕಕ್ಕಿಲ್ಲ, ಆದರೆ 28 ದಿನ ಅಥವಾ ಹೆಚ್ಚು ಮಲಗಿದರೆ ಮೊದಲ ದಿನದಿಂದಲೇ. ಗರಿಷ್ಠ ಐದು ವರ್ಷ.

ಚಿಕಿತ್ಸೆಯ ನಿಜವಾದ ಖರ್ಚು ಇದೆಲ್ಲದರ ಮೇಲೆ, ಪ್ರತ್ಯೇಕ. ಮಾಲೀಕರು ಕಟ್ಟಿದ ಆಸ್ಪತ್ರೆ ಬಿಲ್ಲನ್ನು ಪರಿಹಾರದಿಂದ ಮುರಿದುಕೊಳ್ಳುವಂತಿಲ್ಲ. ಮೈಸೂರಿಗೋ ಮಂಗಳೂರಿಗೋ ಹೋಗಿ ಬಂದ ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಮಳೆಗಾಲದ ತೇವಕ್ಕೆ ಅಕ್ಷರ ಉಳಿಯುವುದಿಲ್ಲ.

ಇಎಸ್‌ಐ ಇದ್ದವರ ದಾರಿ ಬೇರೆ

ಹತ್ತು ಅಥವಾ ಹೆಚ್ಚು ಜನರಿರುವ ರೆಸಾರ್ಟ್, ಹೋಟೆಲುಗಳಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ, ತಿಂಗಳಿಗೆ 21,000ವರೆಗೆ ಸಂಬಳ ಇರುವವರಿಗೆ. ನಿಮ್ಮ ಸಂಬಳದಿಂದ ಶೇ. 0.75 ಮುರಿಯುತ್ತಾರೆ, ಮಾಲೀಕರು ಶೇ. 3.25 ಹಾಕಬೇಕು. ಚೀಟಿಯಲ್ಲಿ ಈ ಕಡಿತ ಇದ್ದರೆ ಪರಿಹಾರ ಕೇಳಬೇಕಾದ್ದು ಇಎಸ್‌ಐ ನಿಗಮದಿಂದ, ಮೇಲಿನ ಕೇಸ್ ಹಾಕುವಂತಿಲ್ಲ. ನಷ್ಟವೇನಿಲ್ಲ, ಮಲಗಿದ್ದಷ್ಟು ದಿನ ಕೂಲಿಯ ಶೇ. 90ರಷ್ಟು ಸಿಗುತ್ತದೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸಿಗುತ್ತದೆ. ಮಾಲೀಕರು ಅಪಘಾತದ ವರದಿಯನ್ನು ಇಎಸ್‌ಐಗೆ ಸಲ್ಲಿಸಿದರಾ ಎಂದು ಬೆನ್ನು ಹತ್ತಿ.

ಹೆಜ್ಜೆ 4: ಅರ್ಜಿ

ಮಾಲೀಕರು ಕೊಡದಿದ್ದರೆ, ಕಡಿಮೆ ಕೊಟ್ಟರೆ, ಅಥವಾ "ನೋಡೋಣ" ಅಂತ ತಿಂಗಳು ದೂಡಿದರೆ ಅರ್ಜಿ ಹಾಕಿ. ಅಪಘಾತವಾದ ಎರಡು ವರ್ಷದೊಳಗೆ ಹಾಕಬೇಕು. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸಬಹುದು, ಅದನ್ನು ನಂಬಿ ಕೂರಬೇಡಿ.

ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಪರಿಹಾರ ಆಯುಕ್ತರಾಗಿ ಈ ಅರ್ಜಿಗಳನ್ನು ನಡೆಸುತ್ತ ಬಂದಿದ್ದಾರೆ. ಮೊದಲು ಮಡಿಕೇರಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಯಾವ ಕೋರ್ಟು, ಯಾವ ನಮೂನೆ ಎಂದು ಕೇಳಿಕೊಳ್ಳಿ, ಒಂದು ದೂರನ್ನೂ ಕೊಟ್ಟು ಬನ್ನಿ. ಕಾರ್ಮಿಕ ಸಹಾಯವಾಣಿ 155214.

ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸವಿರುವ ಊರಿನಲ್ಲೂ ಹಾಕಬಹುದು. ಅಸ್ಸಾಮಿನಿಂದ ಬಂದು ಇಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ಗಂಡ ಸಿದ್ದಾಪುರದ ತೋಟದಲ್ಲಿ ಸತ್ತರೂ ಹೆಂಡತಿ ತನ್ನ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಆದರೆ ಎಂಎಲ್‌ಸಿ, ಎಫ್‌ಐಆರ್, ಮರಣೋತ್ತರ ವರದಿಯ ಪ್ರತಿಗಳನ್ನು ಇಲ್ಲಿಂದಲೇ ತೆಗೆದುಕೊಂಡು ಹೋಗಬೇಕು, ಒಮ್ಮೆ ರೈಲು ಹತ್ತಿದ ಮೇಲೆ ಅವು ಸಿಗುವುದು ಕಷ್ಟ.

ವಕೀಲರ ಫೀಸಿಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ನಮ್ಮ ತೋಟಗಳಲ್ಲಿ ದುಡಿಯುವ ಯರವ, ಜೇನುಕುರುಬ ಸಮುದಾಯದವರು ಇದನ್ನು ಖಂಡಿತ ಬಳಸಬೇಕು. "ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ನನಗೆ" ಅನ್ನುವ ದಲ್ಲಾಳಿಗಳಿಂದ ದೂರ ಇರಿ.

ಜೀಪಿನಲ್ಲಿ ಕೆಲಸಕ್ಕೆ ಹೋಗುವಾಗ ಅಪಘಾತವಾದರೆ? ಹೊಸ ಸಂಹಿತೆಯಲ್ಲಿ ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ ಕೆಲಸಕ್ಕೆ ಸಂಬಂಧ ತೋರಿಸಿದರೆ ಸೇರುತ್ತದೆ. ಮೋಟಾರು ವಾಹನ ಕಾಯ್ದೆಯಡಿಯೂ ಕೇಳಬಹುದು, ಆದರೆ ಎರಡರಲ್ಲಿ ಒಂದನ್ನು ಮಾತ್ರ. ಯಾವುದರಲ್ಲಿ ಜಾಸ್ತಿ ಬರುತ್ತದೆ ಎಂದು ವಕೀಲರ ಹತ್ತಿರ ಲೆಕ್ಕ ಹಾಕಿಸಿಯೇ ಆರಿಸಿ.

ಆನೆ ದಾಳಿಯಾದರೆ ಅರಣ್ಯ ಇಲಾಖೆ ಕೊಡುವ ಪರಿಹಾರ ಬೇರೆ, ಮಾಲೀಕರ ಹೊಣೆ ಬೇರೆ. ಕೆಲಸ ಮಾಡುವಾಗಲೇ ದಾಳಿಯಾಗಿದ್ದರೆ "ಅರಣ್ಯ ಇಲಾಖೆ ಕೊಡುತ್ತದಲ್ಲ" ಎಂಬ ಮಾತಿಗೆ ಸುಮ್ಮನಾಗಬೇಡಿ, ಮಾಲೀಕರ ಮೇಲೂ ಅರ್ಜಿ ಹಾಕಿ. ಇನ್ನು ತೋಟದವರು ಕೊಟ್ಟ ಲೈನ್ ಮನೆಯೇ ಕುಸಿದು ಕೆಲಸಗಾರನಿಗೋ ಮನೆಯವರಿಗೋ ಪೆಟ್ಟಾದರೆ ಅದಕ್ಕೂ ಪರಿಹಾರ ಇದೆ. ಕುಸಿತಕ್ಕೆ ಮನೆಯಲ್ಲಿದ್ದವರ ತಪ್ಪು ಅಥವಾ ಪ್ರಕೃತಿ ವಿಕೋಪವೇ ಕಾರಣ ಆಗಿರಬಾರದು ಅಷ್ಟೆ. 2018ರಂಥ ಮಳೆಯಲ್ಲಿ ಬೆಟ್ಟವೇ ಜಾರಿದ್ದಕ್ಕೂ, ಹತ್ತು ವರ್ಷದಿಂದ ಬಿರುಕು ಬಿಟ್ಟ ಗೋಡೆ ಬಿದ್ದದ್ದಕ್ಕೂ ವ್ಯತ್ಯಾಸ ಇದೆಯಲ್ವಾ? ಬಿರುಕಿನ ಫೋಟೋ ಈಗಲೇ ತೆಗೆದಿಡಿ.

ರಾಜಿಗೆ ಬಂದರೆ

ಊರ ಹಿರಿಯರನ್ನು ಕೂರಿಸಿ, ನೂರು ರೂಪಾಯಿ ಬಾಂಡ್ ಪೇಪರಿನಲ್ಲಿ "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಅಂತ ಬರೆಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಕಾನೂನಿನ ಹಕ್ಕನ್ನು ಬಿಟ್ಟುಕೊಡುವ ಅಂಥ ಒಪ್ಪಂದಕ್ಕೆ ಬೆಲೆ ಇಲ್ಲ. ರಾಜಿ ಮಾಡಿಕೊಳ್ಳಬಾರದೆಂದಲ್ಲ, ಮಾಡಿಕೊಂಡರೆ ಆಯುಕ್ತರ ಮುಂದೆ ನೋಂದಣಿ ಆಗಬೇಕು. ಸಾವಿನ ಪರಿಹಾರವನ್ನಂತೂ ಆಯುಕ್ತರ ಬಳಿಯೇ ಠೇವಣಿ ಇಡಬೇಕು. ಮಾಲೀಕರು ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಎನಿಸುವುದಿಲ್ಲ, ಮೂರು ತಿಂಗಳ ಕೂಲಿಯಷ್ಟು ಮುಂಗಡ ಮಾತ್ರ ಕೊಡಬಹುದು.

ಇನ್ನೊಂದು, ತೋಟದವರಿಗೆಲ್ಲ ಗೊತ್ತಿರುವ ಮುಂಗಡ. "ನಿಂದು 40 ಸಾವಿರ ಅಡ್ವಾನ್ಸ್ ಬಾಕಿ ಇದೆ, ಅದನ್ನ ಮುರ್ಕೊಂಡು ಉಳಿದದ್ದು ಕೊಡ್ತೀವಿ" ಅನ್ನುತ್ತಾರೆ. ಪರಿಹಾರದ ಹಣಕ್ಕೆ ಯಾವ ಸಾಲವನ್ನೂ ವಜಾ ಮಾಡುವಂತಿಲ್ಲ, ಜಪ್ತಿಯೂ ಮಾಡುವಂತಿಲ್ಲ. ಸಾಲದ ಮಾತು ಬೇರೆಯಾಗಿಯೇ ನಡೆಯಲಿ.

ಸಣ್ಣ ಹೋಂಸ್ಟೇ ನಡೆಸುವವರೂ ಇದನ್ನು ಓದುತ್ತಿರಬಹುದು. ಇಬ್ಬರು ಕೆಲಸಗಾರರನ್ನಿಟ್ಟುಕೊಂಡು 15 ಲಕ್ಷದ ಹೊಣೆ ಹೊರುವುದು ನಿಮಗೂ ಕಷ್ಟವೇ. ನೌಕರರ ಪರಿಹಾರ ವಿಮೆ ಅಂತಲೇ ಪಾಲಿಸಿ ಸಿಗುತ್ತದೆ, ಮರಗಸಿ ಶುರುವಾಗುವ ಮೊದಲೇ ಮಾಡಿಸಿ. ಯಾವ ಕೆಲಸ ಎಂಬಲ್ಲಿ ಬರೀ "ಗಾರ್ಡನರ್" ಅಂತ ಬರೆಸಿ ಮರ ಹತ್ತಿಸಿದರೆ ವಿಮೆಯವರು ತಕರಾರು ತೆಗೆಯುತ್ತಾರೆ, ಮರ ಹತ್ತುವುದನ್ನೂ ಬರೆಸಿ.

ಹೆಜ್ಜೆ 5: ಆದೇಶ ಬಂದ ಮೇಲೆ

ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಸರಳ ಬಡ್ಡಿ ಸೇರುತ್ತದೆ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡ ಕೂಡ. ಪರಿಹಾರ ಕೊಡಬೇಕಾಗುವುದು ಅಪಘಾತವಾದ ದಿನದಿಂದಲೇ ಎಂದು ಮೇಲಿನ ಬಡಗಿಯ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಅರ್ಜಿಯಲ್ಲಿ ಬಡ್ಡಿ, ದಂಡ ಎರಡನ್ನೂ ಬಾಯಿಬಿಟ್ಟು ಕೇಳಿರಬೇಕು. ಕೇಸು ಎಳೆದಷ್ಟೂ ಎದುರಿನವರಿಗೆ ಹೊರೆ, ಇದನ್ನು ಅವರಿಗೂ ನೆನಪಿಸಿ.

ಮಾಲೀಕರು ಹೈಕೋರ್ಟಿಗೆ ಮೇಲ್ಮನವಿ ಹೋಗುವುದಾದರೆ ಆದೇಶದ ಹಣವನ್ನು ಮೊದಲು ಠೇವಣಿ ಇಡಬೇಕು. ನಿಮಗೆ ಕಡಿಮೆ ಬಂದಿದ್ದರೆ ನೀವೂ ಹೋಗಬಹುದು, 60 ದಿನದೊಳಗೆ.

ಹಣ ಕೋರ್ಟಿನಿಂದ ಬ್ಯಾಂಕ್ ಖಾತೆಗೆ ಬರುತ್ತದೆ. ಆಧಾರ್, ಪಾಸ್‌ಬುಕ್, ಅರ್ಜಿ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯಾ ನೋಡಿ, ಒಂದು ಕಡೆ ಅಪ್ಪನ ಹೆಸರು ಸೇರಿ ಇನ್ನೊಂದು ಕಡೆ ಇಲ್ಲದಿದ್ದರೂ ತಿಂಗಳುಗಟ್ಟಲೆ ತಡವಾಗುತ್ತದೆ. ಬಹಳ ದಿನ ಬಳಸದ ಖಾತೆಯಾದರೆ ಬ್ಯಾಂಕಿಗೆ ಹೋಗಿ ಕೆವೈಸಿ ಕೊಟ್ಟು ಚಾಲೂ ಮಾಡಿಸಿ. ಮೇಸ್ತ್ರಿಯ ಖಾತೆ ನಂಬರ್ ಕೊಡಲೇಬೇಡಿ, ಅವನು ಎಷ್ಟೇ ಒಳ್ಳೆಯವನಾಗಿರಲಿ.